ಆರ್ಡುಯಿನೊ ಬೋರ್ಡಿಗೆ ಪ್ರೋಗ್ರಾಂ ವರ್ಗಾವಣೆ

ಆರ್ಡುಯಿನೊ ಬೋರ್ಡಿಗೆ ಪ್ರೋಗ್ರಾಂ ವರ್ಗಾವಣೆ ಎಂದರೆ ಗಣಕಯಂತ್ರದಲ್ಲಿ ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸಿ, ಯುಎಸ್‌ಬಿ ಕೇಬಲ್ಲಿನ ಮೂಲಕ ಆರ್ಡುಯಿನೊ ಬೋರ್ಡಿನಲ್ಲಿರುವ ಮೈಕ್ರೋಕಂಟ್ರೋಲರಿಗೆ ಕಳುಹಿಸಿ, ಅದರ ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವ ಕ್ರಿಯೆ. ಬಳಕೆದಾರರಲ್ಲಿ ಇದು 'ಅಪ್‌ಲೋಡ್' ಎಂಬ ಹೆಸರಿನಿಂದ ರೂಢಿಯಲ್ಲಿದೆ. ಹೀಗೆ ಬರೆದ ಪ್ರೋಗ್ರಾಂ ವಿದ್ಯುತ್ ಹೋದರೂ ಅಳಿಯುವುದಿಲ್ಲ. ಬೋರ್ಡನ್ನು ಗಣಕಯಂತ್ರದಿಂದ ಬೇರ್ಪಡಿಸಿ ಬ್ಯಾಟರಿಗೆ ಜೋಡಿಸಿದರೂ ಅದು ಸ್ವತಂತ್ರವಾಗಿ ಕೆಲಸ ಮಾಡುತ್ತದೆ.

ಪೆನ್‌ಡ್ರೈವಿಗೆ ಕಡತವನ್ನು ನಕಲಿಸುವ ಕ್ರಿಯೆಗೆ ಇದು ಹೊರನೋಟದಲ್ಲಿ ಮಾತ್ರ ಹೋಲುತ್ತದೆ. ವಾಸ್ತವದಲ್ಲಿ ಇದು ಎರಡು ಪ್ರೋಗ್ರಾಮುಗಳ ನಡುವಿನ ಪ್ರಶ್ನೋತ್ತರ. ಗಣಕಯಂತ್ರದ ಕಡೆ ಒಂದು ತಂತ್ರಾಂಶ ಕೇಳುತ್ತದೆ; ಚಿಪ್ಪಿನೊಳಗೆ ಮೊದಲೇ ಇರಿಸಲಾದ 'ಬೂಟ್‌ಲೋಡರ್' ಎಂಬ ಪುಟ್ಟ ಪ್ರೋಗ್ರಾಂ ಉತ್ತರಿಸುತ್ತದೆ. ಈ ಪ್ರಶ್ನೋತ್ತರ ಆರಂಭವಾಗಲು ಇರುವ ಅವಕಾಶ ಸುಮಾರು 1 ಸೆಕೆಂಡ್ ಮಾತ್ರ. ವರ್ಗಾವಣೆ ವಿಫಲವಾಗುವ ಬಹುಪಾಲು ಸಂದರ್ಭಗಳಲ್ಲಿ ಚಿಪ್ ಕೆಟ್ಟಿರುವುದಿಲ್ಲ. ಆ ಅವಧಿಯೊಳಗೆ ಮಾತು ಕೂಡಿಬಂದಿರುವುದಿಲ್ಲ.

ಈ ಲೇಖನದ ವಿವರಣೆ ಮುಖ್ಯವಾಗಿ, ಎಟಿಮೆಗಾ328ಪಿ ಚಿಪ್ಪನ್ನು ಹೊಂದಿರುವ ಆರ್ಡುಯಿನೊ ಊನೊ ಬೋರ್ಡಿಗೆ ಸಂಬಂಧಿಸಿದೆ. ಇತರ ಬೋರ್ಡುಗಳ ವ್ಯತ್ಯಾಸಗಳನ್ನು ಕೊನೆಯಲ್ಲಿ ಸೂಚಿಸಲಾಗಿದೆ.

== ಹಿನ್ನೆಲೆ ==

ಮೈಕ್ರೋಕಂಟ್ರೋಲರ್ ಎಂಬುದು ಸಂಸ್ಕಾರಕ, ಮೆಮೊರಿ ಮತ್ತು ಹೊರಗಿನ ಉಪಕರಣಗಳೊಡನೆ ವ್ಯವಹರಿಸುವ ಪಿನ್ನುಗಳನ್ನು ಒಂದೇ ಚಿಪ್ಪಿನಲ್ಲಿ ಅಡಕಗೊಳಿಸಿದ ಪುಟ್ಟ ಗಣಕ. ಹಿಂದಿನ ಕಾಲದ ಮೈಕ್ರೋಕಂಟ್ರೋಲರುಗಳಿಗೆ ಪ್ರೋಗ್ರಾಂ ತುಂಬುವುದು ಸುಲಭವಾಗಿರಲಿಲ್ಲ. ಇಂಟೆಲ್ ಸಂಸ್ಥೆಯ 8751ರಂತಹ ಚಿಪ್ಪುಗಳ ನೆತ್ತಿಯ ಮೇಲೆ ಸ್ಫಟಿಕದ ಗಾಜಿನ ಕಿಟಕಿಯೊಂದಿರುತ್ತಿತ್ತು. ಹಳೆಯ ಪ್ರೋಗ್ರಾಮನ್ನು ಅಳಿಸಲು ಚಿಪ್ಪನ್ನು ಬೋರ್ಡಿನಿಂದ ಕಿತ್ತು, ಆ ಕಿಟಕಿಯ ಮೂಲಕ ಹತ್ತಿಪ್ಪತ್ತು ನಿಮಿಷ ಅತಿನೇರಳೆ ಕಿರಣವನ್ನು ಹಾಯಿಸಬೇಕಾಗಿತ್ತು. ಬಳಿಕ 'ಪ್ರೋಗ್ರಾಮರ್' ಎಂಬ ಪ್ರತ್ಯೇಕ ಯಂತ್ರದಲ್ಲಿಟ್ಟು ಹೊಸದನ್ನು ಬರೆದು, ಮತ್ತೆ ಬೋರ್ಡಿನಲ್ಲಿ ಕೂರಿಸಬೇಕಾಗಿತ್ತು. ಒಂದು ಸಣ್ಣ ತಪ್ಪನ್ನು ತಿದ್ದುವುದಕ್ಕೂ ಇಷ್ಟೆಲ್ಲ ಕೆಲಸ ಅನಿವಾರ್ಯವಾಗಿತ್ತು.

1990ರ ದಶಕದಲ್ಲಿ ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಾದ ಮೆಮೊರಿ ಮೈಕ್ರೋಕಂಟ್ರೋಲರುಗಳೊಳಗೆ ಬಂದಿತು. ನಾರ್ವೆಯ ಟ್ರೋಂಡ್‌ಹೈಮ್ ನಗರದಲ್ಲಿ ವಿದ್ಯಾರ್ಥಿಗಳಾಗಿದ್ದ ಆಲ್ಫ್-ಎಗಿಲ್ ಬೋಗನ್ ಮತ್ತು ವೇಗಾರ್ಡ್ ವೊಲ್ಲನ್ ರೂಪಿಸಿದ ಎವಿಆರ್ ವಿನ್ಯಾಸದ ಚಿಪ್ಪುಗಳನ್ನು ಅಟ್ಮೆಲ್ ಸಂಸ್ಥೆ 1997ರಲ್ಲಿ ಮಾರುಕಟ್ಟೆಗೆ ತಂದಿತು. ಇವುಗಳ ಪ್ರೋಗ್ರಾಂ ಫ್ಲ್ಯಾಶ್ ಮೆಮೊರಿಯಲ್ಲಿರುತ್ತದೆ. ಚಿಪ್ಪನ್ನು ಬೋರ್ಡಿನಿಂದ ಕೀಳದೆಯೇ ಅದನ್ನು ಬದಲಾಯಿಸಬಹುದು. ಅಟ್ಮೆಲ್ ಸಂಸ್ಥೆಯನ್ನು 2016ರಲ್ಲಿ ಮೈಕ್ರೋಚಿಪ್ ಸಂಸ್ಥೆ ಖರೀದಿಸಿತು. ಊನೊ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಈ ಎವಿಆರ್ ಕುಟುಂಬಕ್ಕೆ ಸೇರಿದ್ದು.

ಆರ್ಡುಯಿನೊ ಯೋಜನೆ 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಿಕ್ಷಣ ಸಂಸ್ಥೆಯೊಂದರಲ್ಲಿ ಆರಂಭವಾಯಿತು. ಮಾಸ್ಸಿಮೊ ಬಾಂಝಿ, ಡೇವಿಡ್ ಕ್ವಾರ್ತಿಯೆಲ್ಲೆಸ್, ಟಾಮ್ ಐಗೊ, ಜಾನ್‌ಲೂಕಾ ಮಾರ್ತಿನೊ ಮತ್ತು ಡೇವಿಡ್ ಮೆಲ್ಲಿಸ್ ಇದರ ಸ್ಥಾಪಕರು. ಅದೇ ಸಂಸ್ಥೆಯಲ್ಲಿ ಎರ್ನಾಂದೊ ಬಾರ್ರಗಾನ್ 2003ರಲ್ಲಿ ಆರಂಭಿಸಿದ 'ವೈರಿಂಗ್' ಎಂಬ ಯೋಜನೆ ಇದಕ್ಕೆ ತಳಹದಿಯಾಯಿತು. ಅಲ್ಲಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎಂಜಿನಿಯರುಗಳಲ್ಲ, ಕಲೆ ಮತ್ತು ವಿನ್ಯಾಸವನ್ನು ಕಲಿಯುತ್ತಿದ್ದವರು. ಅವರು ಬಳಸುತ್ತಿದ್ದ ಬೇಸಿಕ್ ಸ್ಟಾಂಪ್ ಎಂಬ ಬೋರ್ಡಿನ ಬೆಲೆ ಸುಮಾರು 50 ಡಾಲರ್ ಇತ್ತು. ಅಗ್ಗದ ಬೋರ್ಡು, ಉಚಿತ ತಂತ್ರಾಂಶ ಮತ್ತು ಪ್ರತ್ಯೇಕ ಪ್ರೋಗ್ರಾಮರ್ ಯಂತ್ರದ ಅಗತ್ಯವಿಲ್ಲದ ವರ್ಗಾವಣೆ, ಈ ಮೂರನ್ನು ಆರ್ಡುಯಿನೊ ಒಂದುಗೂಡಿಸಿತು. ಯೋಜನೆಗೆ ಆ ಊರಿನ ಪಾನಗೃಹವೊಂದರ ಹೆಸರನ್ನು ಇಡಲಾಯಿತು. ಪಾನಗೃಹಕ್ಕೆ ಆ ಹೆಸರು ಬಂದದ್ದು 1002ರಿಂದ 1014ರವರೆಗೆ ಇಟಲಿಯ ರಾಜನಾಗಿದ್ದ ಇವ್ರಿಯಾದ ಆರ್ಡುಯಿನ್‌ನಿಂದ.

ಆರಂಭದ ಬೋರ್ಡುಗಳಲ್ಲಿ ವರ್ಗಾವಣೆಗೆ ಮುನ್ನ ಬಳಕೆದಾರನೇ ರೀಸೆಟ್ ಗುಂಡಿಯನ್ನು ಸರಿಯಾದ ಕ್ಷಣದಲ್ಲಿ ಒತ್ತಬೇಕಾಗಿತ್ತು. 2007ರ ಡಿಯೆಚಿಮಿಲಾ ಬೋರ್ಡಿನಿಂದ ಈ ಕೆಲಸ ತಾನಾಗಿಯೇ ನಡೆಯುವಂತಾಯಿತು. ಇಟಾಲಿಯನ್ ಭಾಷೆಯಲ್ಲಿ 'ಒಂದು' ಎಂಬ ಅರ್ಥದ ಊನೊ ಬೋರ್ಡು 2010ರಲ್ಲಿ ಬಂದಿತು.

== ಬೋರ್ಡಿನ ಸಂಬಂಧಿತ ಭಾಗಗಳು ==

ವರ್ಗಾವಣೆಯನ್ನು ಅರಿಯಲು ಊನೊ ಬೋರ್ಡಿನ ಮೂರು ಭಾಗಗಳನ್ನು ಗುರುತಿಸಬೇಕಾಗುತ್ತದೆ.

ಮುಖ್ಯ ಚಿಪ್: ಎಟಿಮೆಗಾ328ಪಿ ಚಿಪ್ಪಿನಲ್ಲಿ ಮೂರು ಬಗೆಯ ಮೆಮೊರಿಗಳಿವೆ. ಪ್ರೋಗ್ರಾಂ ಇರುವ ಫ್ಲ್ಯಾಶ್ ಮೆಮೊರಿ 32 ಕಿಲೋಬೈಟ್. ಪ್ರೋಗ್ರಾಂ ನಡೆಯುವಾಗ ಚರಾಂಶಗಳನ್ನು ಇರಿಸಿಕೊಳ್ಳುವ ತಾತ್ಕಾಲಿಕ ಮೆಮೊರಿ 2 ಕಿಲೋಬೈಟ್. ಅಳತೆ, ಹೊಂದಾಣಿಕೆ ಮುಂತಾದ ಮಾಹಿತಿಯನ್ನು ಉಳಿಸಿಕೊಳ್ಳುವ ಇಇಪಿರಾಮ್ 1 ಕಿಲೋಬೈಟ್. ವರ್ಗಾವಣೆಯಲ್ಲಿ ಬದಲಾಗುವುದು ಫ್ಲ್ಯಾಶ್ ಮೆಮೊರಿ ಮಾತ್ರ. ಇಇಪಿರಾಮಿನಲ್ಲಿ ಹಿಂದಿನ ಪ್ರೋಗ್ರಾಂ ಬರೆದಿಟ್ಟ ಮಾಹಿತಿ ಸಾಮಾನ್ಯ ಅಪ್‌ಲೋಡಿನ ನಂತರವೂ ಹಾಗೆಯೇ ಉಳಿಯುತ್ತದೆ.

ದುಭಾಷಿ ಚಿಪ್: ಎಟಿಮೆಗಾ328ಪಿ ಚಿಪ್ಪಿಗೆ ಯುಎಸ್‌ಬಿ ಭಾಷೆ ತಿಳಿಯದು. ಅದಕ್ಕೆ ತಿಳಿಯುವುದು ಒಂದು ತಂತಿಯಲ್ಲಿ ಕಳುಹಿಸಿ ಇನ್ನೊಂದರಲ್ಲಿ ಪಡೆಯುವ ಸರಳ ಸರಣಿ ಸಂವಹನ, ಅಂದರೆ ಸೀರಿಯಲ್ ಸಂವಹನ. ಆದ್ದರಿಂದ ಯುಎಸ್‌ಬಿ ಸಾಕೆಟ್ಟಿನ ಬಳಿ ಇನ್ನೊಂದು ಚಿಪ್ ದುಭಾಷಿಯಂತೆ ಕೆಲಸ ಮಾಡುತ್ತದೆ. ಊನೊ ಬೋರ್ಡಿನ ಮೂರನೆಯ ಆವೃತ್ತಿಯಲ್ಲಿ ಇದು ಎಟಿಮೆಗಾ16ಯು2. ಹಳೆಯ ಡುಯೆಮಿಲಾನೊವೆ ಬೋರ್ಡಿನಲ್ಲಿ ಎಫ್‌ಟಿಡಿಐ ಸಂಸ್ಥೆಯ ಚಿಪ್. ಅಗ್ಗದ ತದ್ರೂಪಿ ಬೋರ್ಡುಗಳಲ್ಲಿ ಬಹುಮಟ್ಟಿಗೆ ಸಿಎಚ್340. ಮುಖ್ಯ ಚಿಪ್ಪಿನತ್ತ ಹೋಗುವ ಈ ತಂತಿಗಳೇ ಬೋರ್ಡಿನ ಅಂಚಿನಲ್ಲಿ 0 ಮತ್ತು 1 ಎಂಬ ಸಂಖ್ಯೆಯ ಪಿನ್ನುಗಳಾಗಿಯೂ ಹೊರಬಂದಿವೆ.

ರೀಸೆಟ್ ಮಂಡಲ: ಮುಖ್ಯ ಚಿಪ್ಪಿನ ರೀಸೆಟ್ ಪಿನ್ನನ್ನು 10 ಕಿಲೋಓಮ್ ರೋಧಕವೊಂದು ಸದಾ 5 ವೋಲ್ಟಿನಲ್ಲಿ ಹಿಡಿದಿಡುತ್ತದೆ. ಅದೇ ಪಿನ್ನಿಗೆ 100 ನ್ಯಾನೊಫ್ಯಾರಡ್ ಕೆಪಾಸಿಟರಿನ ಮೂಲಕ ದುಭಾಷಿ ಚಿಪ್ಪಿನ 'ಡಿಟಿಆರ್' ಎಂಬ ಸಂಕೇತ ತಂತಿ ಜೋಡಣೆಯಾಗಿದೆ. ಗಣಕಯಂತ್ರ ಆ ಸಂಕೇತವನ್ನು ಕೆಳಗಿಳಿಸಿದಾಗ ಕೆಪಾಸಿಟರಿನ ಮೂಲಕ ಒಂದು ಕ್ಷಣಿಕ ಮಿಡಿತ ಮಾತ್ರ ದಾಟುತ್ತದೆ. ಚಿಪ್ ಒಮ್ಮೆ ರೀಸೆಟ್ ಆಗಿ ಕೂಡಲೇ ಬಿಡುಗಡೆ ಹೊಂದುತ್ತದೆ. ಬೆರಳಿನಿಂದ ಗುಂಡಿ ಒತ್ತುವ ಕೆಲಸವನ್ನು ಈ ಪುಟ್ಟ ಕೆಪಾಸಿಟರ್ ನಿರ್ವಹಿಸುತ್ತದೆ.

== ಬೂಟ್‌ಲೋಡರ್ ==

ಖಾಲಿ ಚಿಪ್ ತಾನಾಗಿ ಸೀರಿಯಲ್ ತಂತಿಯಿಂದ ಪ್ರೋಗ್ರಾಮನ್ನು ಸ್ವೀಕರಿಸಲಾರದು. ಅದಕ್ಕಾಗಿ ಚಿಪ್ಪಿನೊಳಗೆ ಒಂದು ಪ್ರೋಗ್ರಾಂ ಮೊದಲೇ ಇರಬೇಕು. ಇದೇ ಬೂಟ್‌ಲೋಡರ್, ಬೋರ್ಡು ತಯಾರಾಗುವಾಗಲೇ ಇದನ್ನು ಬರೆದಿರುತ್ತಾರೆ. ಊನೊ ಬೋರ್ಡಿನ ಬೂಟ್‌ಲೋಡರಿನ ಹೆಸರು ಆಪ್ಟಿಬೂಟ್. ಇದು 512 ಬೈಟುಗಳೊಳಗೆ ಅಡಗುತ್ತದೆ ಮತ್ತು ಫ್ಲ್ಯಾಶ್ ಮೆಮೊರಿಯ ಕಟ್ಟಕಡೆಯ ಭಾಗದಲ್ಲಿರುತ್ತದೆ. ಒಟ್ಟು 32,768 ಬೈಟುಗಳಲ್ಲಿ ಈ 512ನ್ನು ಕಳೆದರೆ ಬಳಕೆದಾರನ ಪ್ರೋಗ್ರಾಮಿಗೆ ಉಳಿಯುವುದು 32,256 ಬೈಟುಗಳು. ಅಪ್‌ಲೋಡ್ ಸಮಯದಲ್ಲಿ ಪರದೆಯ ಮೇಲೆ ಗರಿಷ್ಠ ಮಿತಿಯೆಂದು ತೋರುವುದು ಇದೇ ಸಂಖ್ಯೆ.

ಎವಿಆರ್ ಚಿಪ್ಪಿನಲ್ಲಿ ಫ್ಲ್ಯಾಶ್ ಮೆಮೊರಿಯನ್ನು ಒಳಗಿನಿಂದಲೇ ಬರೆಯುವ ಒಂದು ವಿಶೇಷ ಆದೇಶವಿದೆ. ಬೂಟ್‌ಲೋಡರಿಗೆ ಮೀಸಲಾದ ವಿಭಾಗದಲ್ಲಿರುವ ಪ್ರೋಗ್ರಾಂ ಮಾತ್ರ ಆ ಆದೇಶವನ್ನು ಬಳಸಬಲ್ಲದು. ಬಳಕೆದಾರನ ಪ್ರೋಗ್ರಾಂ ಎಷ್ಟೇ ತಪ್ಪಾಗಿದ್ದರೂ ಅದು ಬೂಟ್‌ಲೋಡರನ್ನು ಅಳಿಸಲಾರದು. ಹೊಸದಾಗಿ ಕಲಿಯುವವರಿಗೆ ಇದು ದೊಡ್ಡ ರಕ್ಷಣೆ: ತಪ್ಪು ಪ್ರೋಗ್ರಾಮಿನಿಂದ ಬೋರ್ಡು ಸುಮ್ಮನಾದರೂ ಸರಿಯಾದುದನ್ನು ಮತ್ತೆ ಕಳುಹಿಸಲು ದಾರಿ ತೆರೆದೇ ಇರುತ್ತದೆ.

ರೀಸೆಟ್ ಆದ ಕೂಡಲೇ ಮೊದಲು ಎಚ್ಚರಗೊಳ್ಳುವುದು ಬೂಟ್‌ಲೋಡರ್. ರೀಸೆಟ್ ಹೊರಗಿನ ಪಿನ್ನಿನಿಂದ ಬಂದಿದ್ದರೆ ಅದು ಸುಮಾರು 1 ಸೆಕೆಂಡ್ ಕಾಲ ಸೀರಿಯಲ್ ತಂತಿಯತ್ತ ಕಿವಿಗೊಡುತ್ತದೆ. ಆ ಅವಧಿಯಲ್ಲಿ ಯಾರೂ ಮಾತನಾಡಿಸದಿದ್ದರೆ ಮೊದಲೇ ಇರುವ ಪ್ರೋಗ್ರಾಮಿಗೆ ಅಧಿಕಾರವನ್ನು ಒಪ್ಪಿಸುತ್ತದೆ. ವಿದ್ಯುತ್ ಸಂಪರ್ಕ ಕೊಟ್ಟಾಗ ಆಗುವ ರೀಸೆಟ್ಟಿನಲ್ಲಿ ಆಪ್ಟಿಬೂಟ್ ಹೀಗೆ ಕಾಯದೆ ನೇರವಾಗಿ ಪ್ರೋಗ್ರಾಮನ್ನು ಆರಂಭಿಸುತ್ತದೆ.

== ಗಣಕಯಂತ್ರದಲ್ಲಿ ನಡೆಯುವ ಸಿದ್ಧತೆ ==

ಆರ್ಡುಯಿನೊ ತಂತ್ರಾಂಶದಲ್ಲಿ ಬರೆದ ಪ್ರೋಗ್ರಾಮನ್ನು 'ಸ್ಕೆಚ್' ಎನ್ನುತ್ತಾರೆ. ಅದರಲ್ಲಿ ಎರಡು ಭಾಗಗಳು ಕಡ್ಡಾಯ: ಆರಂಭದಲ್ಲಿ ಒಮ್ಮೆ ಮಾತ್ರ ನಡೆಯುವ 'ಸೆಟಪ್' ಮತ್ತು ಆನಂತರ ನಿರಂತರವಾಗಿ ಪುನರಾವರ್ತನೆಗೊಳ್ಳುವ 'ಲೂಪ್'. ಭಾಷೆ ಸಿ++ ಆಗಿದ್ದು, ಪಿನ್ನುಗಳನ್ನು ನಿಯಂತ್ರಿಸುವ ಸರಳ ಆದೇಶಗಳ ಸಂಗ್ರಹವನ್ನು ಅದರ ಜೊತೆಗೆ ಒದಗಿಸಲಾಗಿದೆ.

ಅಪ್‌ಲೋಡ್ ಗುಂಡಿಯನ್ನು ಒತ್ತಿದಾಗ ತಂತ್ರಾಂಶವು ಮೊದಲು ಸ್ಕೆಚ್ಚಿಗೆ ಅಗತ್ಯವಾದ ಶೀರ್ಷಿಕೆಗಳನ್ನು ಸೇರಿಸಿ ಅದನ್ನು ಪೂರ್ಣ ಪ್ರಮಾಣದ ಸಿ++ ಕಡತವನ್ನಾಗಿ ಮಾಡುತ್ತದೆ. ಬಳಿಕ 'ಎವಿಆರ್-ಜಿಸಿಸಿ' ಎಂಬ ಮುಕ್ತ ಕಂಪೈಲರ್ ಅದನ್ನು ಯಂತ್ರಭಾಷೆಗೆ ಪರಿವರ್ತಿಸುತ್ತದೆ. ವ್ಯಾಕರಣದ ತಪ್ಪುಗಳಿದ್ದರೆ ಕೆಲಸ ಇಲ್ಲಿಯೇ ನಿಲ್ಲುತ್ತದೆ. ಬೋರ್ಡಿಗೆ ಏನೂ ಹೋಗುವುದಿಲ್ಲ. ತಪ್ಪಿಲ್ಲದಿದ್ದರೆ ಕೊನೆಯಲ್ಲಿ 'ಹೆಕ್ಸ್' ಕಡತವೊಂದು ಸಿದ್ಧವಾಗುತ್ತದೆ.

ಹೆಕ್ಸ್ ಕಡತದ ರೂಪವನ್ನು ಇಂಟೆಲ್ ಸಂಸ್ಥೆ 1970ರ ದಶಕದಲ್ಲಿ, ತೂತು ಕೊರೆದ ಕಾಗದದ ಪಟ್ಟಿಯಲ್ಲಿ ಮಾಹಿತಿಯನ್ನು ಸಾಗಿಸುತ್ತಿದ್ದ ಕಾಲದಲ್ಲಿ, ಬಳಕೆಗೆ ತಂದಿತು. ಪ್ರತಿ ಸಾಲೂ ವಿವರಣ ಚಿಹ್ನೆಯಿಂದ ಆರಂಭವಾಗುತ್ತದೆ. ಆ ಬಳಿಕ ಸಾಲಿನಲ್ಲಿರುವ ಬೈಟುಗಳ ಸಂಖ್ಯೆ, ಅವು ಸೇರಬೇಕಾದ ವಿಳಾಸ, ಸಾಲಿನ ಬಗೆ, ಮಾಹಿತಿ, ಕೊನೆಯಲ್ಲಿ ತಾಳೆ ಸಂಖ್ಯೆ, ಇಷ್ಟೂ ಷೋಡಶಮಾನ ಪದ್ಧತಿಯ ಅಂಕಿಗಳಲ್ಲಿರುತ್ತವೆ. ಸಾಲಿನ ಎಲ್ಲ ಬೈಟುಗಳನ್ನು ತಾಳೆ ಸಂಖ್ಯೆಯೊಡನೆ ಕೂಡಿಸಿದಾಗ ಮೊತ್ತದ ಕೊನೆಯ ಬೈಟು ಸೊನ್ನೆಯಾಗಬೇಕು. ಉದಾಹರಣೆಗೆ, ಪ್ರತಿ ಹೆಕ್ಸ್ ಕಡತದ ಮುಕ್ತಾಯದ ಸಾಲಿನಲ್ಲಿ ಮಾಹಿತಿ ಇರುವುದಿಲ್ಲ. ಬಗೆಯನ್ನು ಸೂಚಿಸುವ 1 ಎಂಬ ಸಂಖ್ಯೆ ಮಾತ್ರ ಇರುತ್ತದೆ. ಆದ್ದರಿಂದ ಅದರ ತಾಳೆ ಸಂಖ್ಯೆ 255. ಎರಡನ್ನೂ ಕೂಡಿಸಿದರೆ 256. ಒಂದು ಬೈಟಿನ ಲೆಕ್ಕದಲ್ಲಿ ಅದು ಸೊನ್ನೆ.

== ವರ್ಗಾವಣೆಯ ಕ್ರಮ ==

ಬಳಕೆದಾರನು ಅನುಸರಿಸಬೇಕಾದ ಹಂತಗಳು ಹೀಗಿವೆ:

1. ಆರ್ಡುಯಿನೊ ತಂತ್ರಾಂಶವನ್ನು ಗಣಕಯಂತ್ರದಲ್ಲಿ ಅಳವಡಿಸಿಕೊಳ್ಳುವುದು. ಇದು ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲಿಯೂ ಉಚಿತವಾಗಿ ದೊರೆಯುತ್ತದೆ.
2. ಮಾಹಿತಿಯನ್ನು ಸಾಗಿಸಬಲ್ಲ ಯುಎಸ್‌ಬಿ ಕೇಬಲ್ಲಿನಿಂದ ಬೋರ್ಡನ್ನು ಜೋಡಿಸುವುದು. ಬೋರ್ಡಿನ ಮೇಲೆ ವಿದ್ಯುತ್ ಸೂಚಕ ದೀಪ ಬೆಳಗಬೇಕು.
3. 'ಬ್ಲಿಂಕ್' ಎಂಬ ಸಿದ್ಧ ಉದಾಹರಣೆಯನ್ನು ತೆರೆಯುವುದು. ಇದು 13ನೆಯ ಪಿನ್ನಿಗೆ ಜೋಡಣೆಯಾಗಿರುವ ದೀಪವನ್ನು 1 ಸೆಕೆಂಡ್ ಬೆಳಗಿಸಿ 1 ಸೆಕೆಂಡ್ ಆರಿಸುತ್ತದೆ.
4. ಪರಿಕರಗಳ ಪಟ್ಟಿಯಲ್ಲಿ ಬೋರ್ಡಿನ ಹೆಸರನ್ನು 'ಆರ್ಡುಯಿನೊ ಊನೊ' ಎಂದು ಆರಿಸುವುದು.
5. ಅದೇ ಪಟ್ಟಿಯಲ್ಲಿ ಪೋರ್ಟನ್ನು ಆರಿಸುವುದು. ವಿಂಡೋಸಿನಲ್ಲಿ ಇದರ ಹೆಸರು 'ಕಾಮ್' ಎಂಬುದರ ಮುಂದೆ ಸಂಖ್ಯೆಯೊಂದಿಗೆ ಇರುತ್ತದೆ. ಯಾವುದೆಂದು ತಿಳಿಯದಿದ್ದರೆ ಕೇಬಲ್ಲನ್ನು ತೆಗೆದು ಪಟ್ಟಿಯನ್ನು ನೋಡಿ, ಮತ್ತೆ ಜೋಡಿಸಿ ನೋಡಿದಾಗ ಹೊಸದಾಗಿ ಕಾಣಿಸಿಕೊಳ್ಳುವುದೇ ಬೋರ್ಡಿನ ಪೋರ್ಟು.
6. ಸರಿ ಗುರುತಿನ ಗುಂಡಿಯನ್ನು ಒತ್ತಿ ಪ್ರೋಗ್ರಾಂ ತಪ್ಪಿಲ್ಲದೆ ಪರಿವರ್ತನೆಯಾಗುವುದನ್ನು ಖಚಿತಪಡಿಸಿಕೊಳ್ಳುವುದು.
7. ಬಾಣದ ಗುರುತಿನ ಗುಂಡಿಯನ್ನು ಒತ್ತಿ ವರ್ಗಾಯಿಸುವುದು. ಬೋರ್ಡಿನ ಮೇಲೆ 'ಟಿಎಕ್ಸ್' ಮತ್ತು 'ಆರ್‌ಎಕ್ಸ್' ಎಂದು ಗುರುತಿಸಿದ ಎರಡು ದೀಪಗಳು ವೇಗವಾಗಿ ಮಿನುಗುತ್ತವೆ.
8. ವರ್ಗಾವಣೆ ಮುಗಿದಿದೆಯೆಂಬ ಸಂದೇಶ ಬಂದ ಬಳಿಕ ಬೋರ್ಡಿನ ವರ್ತನೆಯನ್ನು ಪರೀಕ್ಷಿಸುವುದು.

ಹೊಸ ಬೋರ್ಡುಗಳಲ್ಲಿ ಬ್ಲಿಂಕ್ ಪ್ರೋಗ್ರಾಂ ಮೊದಲೇ ತುಂಬಿರುವುದುಂಟು. ಆದ್ದರಿಂದ ದೀಪ ಮಿನುಗಿದ ಮಾತ್ರಕ್ಕೆ ವರ್ಗಾವಣೆ ಯಶಸ್ವಿಯಾಯಿತೆಂದು ಹೇಳಲಾಗದು. ಸ್ಕೆಚ್ಚಿನಲ್ಲಿರುವ 1000 ಮಿಲಿಸೆಕೆಂಡ್ ಎಂಬ ಸಂಖ್ಯೆಯನ್ನು 200ಕ್ಕೆ ಇಳಿಸಿ ಮತ್ತೆ ಕಳುಹಿಸಿದಾಗ ದೀಪದ ಮಿನುಗು ಚುರುಕಾದರೆ ಅದೇ ನಿಜವಾದ ಪುರಾವೆ.

== ಬೋರ್ಡಿನೊಡನೆ ನಡೆಯುವ ಪ್ರಶ್ನೋತ್ತರ ==

ಹೆಕ್ಸ್ ಕಡತವನ್ನು ಬೋರ್ಡಿಗೆ ಸಾಗಿಸುವ ತಂತ್ರಾಂಶದ ಹೆಸರು 'ಎವಿಆರ್‌ಡ್ಯೂಡ್'. ಬ್ರಯನ್ ಡೀನ್ ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು ಆರ್ಡುಯಿನೊ ತೆರೆಮರೆಯಲ್ಲಿ ಬಳಸಿಕೊಳ್ಳುತ್ತದೆ. ಊನೊ ಬೋರ್ಡಿನೊಂದಿಗೆ ಅದು ಸೆಕೆಂಡಿಗೆ 1,15,200 ಬಿಟ್‌ಗಳ ವೇಗದಲ್ಲಿ ಮಾತನಾಡುತ್ತದೆ. ಅನುಸರಿಸುವ ನಿಯಮಾವಳಿ ಅಟ್ಮೆಲ್ ಸಂಸ್ಥೆಯ ಎಸ್‌ಟಿಕೆ500 ಎಂಬ ಉಪಕರಣಕ್ಕಾಗಿ ರೂಪುಗೊಂಡದ್ದು.

ಮೊದಲಿಗೆ ಎವಿಆರ್‌ಡ್ಯೂಡ್ ಡಿಟಿಆರ್ ಸಂಕೇತದಿಂದ ಚಿಪ್ಪನ್ನು ರೀಸೆಟ್ ಮಾಡುತ್ತದೆ. ಕೂಡಲೇ 'ಹೊಂದಿಕೆಯಾಗಿದ್ದೀಯಾ?' ಎಂಬ ಅರ್ಥದ ಎರಡು ಬೈಟುಗಳನ್ನು ಕಳುಹಿಸುತ್ತದೆ. ಷೋಡಶಮಾನದಲ್ಲಿ ಅವು 30 ಮತ್ತು 20. ಬೂಟ್‌ಲೋಡರ್ ಎಚ್ಚರದಿಂದಿದ್ದರೆ 14 ಮತ್ತು 10 ಎಂಬ ಎರಡು ಬೈಟುಗಳಿಂದ 'ಹೊಂದಿಕೆಯಾಗಿದ್ದೇನೆ, ಸರಿ' ಎಂದು ಉತ್ತರಿಸುತ್ತದೆ. ಈ ಉತ್ತರ ಬಾರದೆ ಮುಂದಿನ ಯಾವ ಹೆಜ್ಜೆಯೂ ಇಲ್ಲ.

ಅನಂತರ ಚಿಪ್ಪಿನ ಗುರುತನ್ನು ಕೇಳಲಾಗುತ್ತದೆ. ಪ್ರತಿ ಎವಿಆರ್ ಮಾದರಿಗೂ ಮೂರು ಬೈಟುಗಳ ಗುರುತಿನ ಸಂಖ್ಯೆಯಿದೆ. ಎಟಿಮೆಗಾ328ಪಿಯದು ಷೋಡಶಮಾನದಲ್ಲಿ 1ಇ, 95, 0ಎಫ್. ನಿರೀಕ್ಷಿಸಿದ ಗುರುತು ಬಾರದಿದ್ದರೆ ಎವಿಆರ್‌ಡ್ಯೂಡ್ ಕೆಲಸವನ್ನು ನಿಲ್ಲಿಸುತ್ತದೆ. ಒಂದು ಚಿಪ್ಪಿಗಾಗಿ ಪರಿವರ್ತಿಸಿದ ಪ್ರೋಗ್ರಾಂ ಇನ್ನೊಂದಕ್ಕೆ ಹೋಗದಂತೆ ಇದು ತಡೆಯುತ್ತದೆ.

ಫ್ಲ್ಯಾಶ್ ಮೆಮೊರಿಯನ್ನು ಬೈಟುಬೈಟಾಗಿ ಬರೆಯಲಾಗುವುದಿಲ್ಲ, ಪುಟಪುಟವಾಗಿ ಬರೆಯಬೇಕು. ಎಟಿಮೆಗಾ328ಪಿಯಲ್ಲಿ ಒಂದು ಪುಟ 128 ಬೈಟುಗಳು. ಎವಿಆರ್‌ಡ್ಯೂಡ್ ಒಂದು ಪುಟದ ವಿಳಾಸವನ್ನು ತಿಳಿಸಿ, ಅದರ 128 ಬೈಟುಗಳನ್ನು ಕಳುಹಿಸುತ್ತದೆ. ಬೂಟ್‌ಲೋಡರ್ ಆ ಪುಟವನ್ನು ಅಳಿಸಿ, ಹೊಸ ಬೈಟುಗಳನ್ನು ಬರೆದು, ಮುಗಿಯಿತೆಂದು ತಿಳಿಸಿದ ಬಳಿಕ ಮುಂದಿನ ಪುಟ ಬರುತ್ತದೆ. ಅಳಿಸಿದ ಪುಟದ ಪ್ರತಿ ಬಿಟ್ಟೂ 1 ಆಗಿರುತ್ತದೆ. ಬರೆಯುವುದೆಂದರೆ ಅವುಗಳಲ್ಲಿ ಬೇಕಾದುದನ್ನು 0ಕ್ಕೆ ಇಳಿಸುವುದು. ಮರಳಿ 1ಕ್ಕೆ ಏರಿಸಬೇಕಾದರೆ ಇಡೀ ಪುಟವನ್ನೇ ಅಳಿಸಬೇಕು.

ಸೀರಿಯಲ್ ಸಂವಹನದಲ್ಲಿ ಪ್ರತಿ ಬೈಟಿಗೂ ಆರಂಭ ಮತ್ತು ಮುಕ್ತಾಯದ ಬಿಟ್ ಸೇರಿ 10 ಬಿಟ್‌ಗಳು ಬೇಕು. ಅಂದರೆ ಸೆಕೆಂಡಿಗೆ 11,520 ಬೈಟುಗಳು ಸಾಗಬಲ್ಲವು. 252 ಪುಟಗಳಷ್ಟು ತುಂಬಿದ ಪ್ರೋಗ್ರಾಮಿಗೂ ತಂತಿಯಲ್ಲಿ ಸಾಗಲು 3 ಸೆಕೆಂಡಿಗಿಂತ ಕಡಿಮೆ ಸಾಕು. ಅಳಿಸಿ ಬರೆಯುವ ಮತ್ತು ತಾಳೆ ನೋಡುವ ಸಮಯ ಇದಕ್ಕೆ ಸೇರುತ್ತದೆ. ಬ್ಲಿಂಕ್ ಪ್ರೋಗ್ರಾಮಿನ ಗಾತ್ರ ಸುಮಾರು 900 ಬೈಟುಗಳಾದ್ದರಿಂದ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಸೇರುತ್ತದೆ. ಬಳಕೆದಾರ ಕಾಯುವ ಸಮಯದ ಬಹುಭಾಗ ಕಂಪೈಲರಿನ ಕೆಲಸಕ್ಕೆ ಹಿಡಿಯುವುದೇ ಹೊರತು ವರ್ಗಾವಣೆಗಲ್ಲ.

ಬರೆದು ಮುಗಿದ ಮೇಲೆ ಎವಿಆರ್‌ಡ್ಯೂಡ್ ಅದೇ ಪುಟಗಳನ್ನು ಬೋರ್ಡಿನಿಂದ ಮರಳಿ ಓದಿಸಿಕೊಂಡು ಹೆಕ್ಸ್ ಕಡತದೊಂದಿಗೆ ಬೈಟುಬೈಟಾಗಿ ತಾಳೆ ನೋಡುತ್ತದೆ. ವ್ಯತ್ಯಾಸ ಕಂಡರೆ ದೋಷವೆಂದು ವರದಿ ಮಾಡುತ್ತದೆ. ಎಲ್ಲವೂ ಸರಿಯಿದ್ದರೆ ಬೂಟ್‌ಲೋಡರಿಗೆ ಬೀಳ್ಕೊಡುಗೆಯ ಆದೇಶ ಹೋಗುತ್ತದೆ. ಚಿಪ್ ಪುನಃ ಆರಂಭಗೊಂಡು ಹೊಸ ಪ್ರೋಗ್ರಾಂ ನಡೆಯತೊಡಗುತ್ತದೆ.

== ವಿಫಲತೆಯ ಕಾರಣಗಳು ==

ಅತ್ಯಂತ ಸಾಮಾನ್ಯವಾಗಿ ಕಾಣುವ ದೋಷಸಂದೇಶ 'ನಾಟ್ ಇನ್ ಸಿಂಕ್' ಎಂಬುದು. ಗಣಕಯಂತ್ರ ಹತ್ತು ಬಾರಿ ಕೇಳಿದರೂ ಬೂಟ್‌ಲೋಡರಿನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬುದಷ್ಟೇ ಇದರ ಅರ್ಥ. ಚಿಪ್ ಸುಟ್ಟಿದೆಯೆಂದು ಇದರಿಂದ ತೀರ್ಮಾನಿಸಲಾಗದು. ಕಾರಣವನ್ನು ಗಣಕಯಂತ್ರದ ಕಡೆಯಿಂದ ಚಿಪ್ಪಿನತ್ತ ಒಂದೊಂದಾಗಿ ಹುಡುಕುವುದು ಉತ್ತಮ ಕ್ರಮ.

ಕೇಬಲ್: ಮೊಬೈಲ್ ಚಾರ್ಜರುಗಳೊಂದಿಗೆ ಬರುವ ಕೆಲವು ಕೇಬಲ್ಲುಗಳಲ್ಲಿ ವಿದ್ಯುತ್ತಿನ ತಂತಿಗಳಿರುತ್ತವೆ, ಮಾಹಿತಿಯ ತಂತಿಗಳಿರುವುದಿಲ್ಲ. ಬೋರ್ಡಿನ ದೀಪ ಬೆಳಗುತ್ತದೆ. ಆದರೆ ಪೋರ್ಟು ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ.

ಚಾಲಕ ತಂತ್ರಾಂಶ: ಸಿಎಚ್340 ಚಿಪ್ ಇರುವ ಬೋರ್ಡುಗಳಿಗೆ ಕೆಲವು ಗಣಕಯಂತ್ರಗಳಲ್ಲಿ ಚಾಲಕವನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗುತ್ತದೆ.

ಅನುಮತಿ: ಲಿನಕ್ಸಿನಲ್ಲಿ ಪೋರ್ಟು ಕಂಡರೂ ಅದನ್ನು ತೆರೆಯಲು ಬಳಕೆದಾರನಿಗೆ ಅನುಮತಿ ಇಲ್ಲದಿರಬಹುದು. ಉಬುಂಟು ಮುಂತಾದವುಗಳಲ್ಲಿ ಬಳಕೆದಾರನನ್ನು 'ಡಯಲ್‌ಔಟ್' ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಹೊರಬಂದು ಮತ್ತೆ ಪ್ರವೇಶಿಸಿದರೆ ಇದು ಪರಿಹಾರವಾಗುತ್ತದೆ.

ಪೋರ್ಟಿನ ಹಿಡಿತ: ಒಂದು ಪೋರ್ಟನ್ನು ಏಕಕಾಲಕ್ಕೆ ಎರಡು ತಂತ್ರಾಂಶಗಳು ಬಳಸಲಾರವು. ಬೋರ್ಡಿನ ಮಾಹಿತಿಯನ್ನು ಓದುತ್ತಿರುವ ಬೇರೊಂದು ತಂತ್ರಾಂಶ ತೆರೆದಿದ್ದರೆ ಅದನ್ನು ಮುಚ್ಚಬೇಕು.

ತಪ್ಪು ಬೋರ್ಡು: ಹಳೆಯ ಬೂಟ್‌ಲೋಡರಿರುವ ನ್ಯಾನೊ ಬೋರ್ಡುಗಳು ಸೆಕೆಂಡಿಗೆ 57,600 ಬಿಟ್‌ಗಳ ವೇಗದಲ್ಲಿ ಮಾತನಾಡುತ್ತವೆ. ಪಟ್ಟಿಯಲ್ಲಿ ಹೊಸ ಬೂಟ್‌ಲೋಡರನ್ನು ಆರಿಸಿದರೆ ವೇಗ ಹೊಂದದೆ ಪ್ರಶ್ನೋತ್ತರ ಮುರಿಯುತ್ತದೆ.

0 ಮತ್ತು 1ನೆಯ ಪಿನ್ನುಗಳು: ಪ್ರೋಗ್ರಾಂ ಬರುವ ದಾರಿಯೇ ಇವು. ಬ್ಲೂಟೂತ್ ಘಟಕ ಮುಂತಾದುವನ್ನು ಇವುಗಳಿಗೆ ಜೋಡಿಸಿದ್ದರೆ ವರ್ಗಾವಣೆ ಕೆಡುತ್ತದೆ. ಅಪ್‌ಲೋಡ್ ಮಾಡುವಷ್ಟು ಹೊತ್ತು ಅವನ್ನು ಬಿಡಿಸಿಡಬೇಕು.

ರೀಸೆಟ್: ತಾನಾಗಿ ರೀಸೆಟ್ ಆಗದ ಬೋರ್ಡಿನಲ್ಲಿ, ಪರದೆಯ ಮೇಲೆ ಪರಿವರ್ತನೆ ಮುಗಿದು ವರ್ಗಾವಣೆ ಆರಂಭವಾಗುವ ಕ್ಷಣಕ್ಕೆ ಗುಂಡಿಯನ್ನು ಒತ್ತಿ ಬಿಡುವುದರಿಂದ ಕೆಲಸವಾಗಬಹುದು.

ದೋಷ ದುಭಾಷಿ ಚಿಪ್ಪಿನಲ್ಲಿದೆಯೋ ಮುಖ್ಯ ಚಿಪ್ಪಿನಲ್ಲಿದೆಯೋ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ರೀಸೆಟ್ ಪಿನ್ನನ್ನು ಗ್ರೌಂಡಿಗೆ ಜೋಡಿಸಿ ಮುಖ್ಯ ಚಿಪ್ಪನ್ನು ಸುಮ್ಮನಿರಿಸಬೇಕು. 0 ಮತ್ತು 1ನೆಯ ಪಿನ್ನುಗಳನ್ನು ಒಂದು ತಂತಿಯಿಂದ ಪರಸ್ಪರ ಸೇರಿಸಬೇಕು. ಬಳಿಕ ಸೀರಿಯಲ್ ಮಾನಿಟರ್ ಕಿಟಕಿಯಲ್ಲಿ ಬೆರಳಚ್ಚಿಸಿದ ಅಕ್ಷರಗಳು ಮರಳಿ ಬಂದರೆ ಕೇಬಲ್, ಚಾಲಕ ಮತ್ತು ದುಭಾಷಿ ಚಿಪ್ ಮೂರೂ ಸರಿಯಿವೆ ಎಂದರ್ಥ. ಇನ್ನು ಮುಖ್ಯ ಚಿಪ್ಪಿನ ಬಗ್ಗೆ: ರೀಸೆಟ್ ಗುಂಡಿಯನ್ನು ಒತ್ತಿ ಬಿಟ್ಟಾಗ 13ನೆಯ ಪಿನ್ನಿನ ದೀಪ ಕೆಲವು ಬಾರಿ ಚುರುಕಾಗಿ ಮಿನುಗಿದರೆ ಬೂಟ್‌ಲೋಡರ್ ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು.

== ಬೂಟ್‌ಲೋಡರ್ ಇಲ್ಲದೆ ವರ್ಗಾವಣೆ ==

ಬೂಟ್‌ಲೋಡರ್ ಹಾಳಾಗಿರುವ ಅಥವಾ ಅಂಗಡಿಯಿಂದ ಖಾಲಿ ತಂದ ಚಿಪ್ಪಿಗೆ ಬೇರೆ ದಾರಿಯಿದೆ. ಊನೊ ಬೋರ್ಡಿನ ಒಂದು ತುದಿಯಲ್ಲಿರುವ ಆರು ಪಿನ್ನುಗಳ ಗುಚ್ಛಕ್ಕೆ ಪ್ರೋಗ್ರಾಮರ್ ಉಪಕರಣವನ್ನು ಜೋಡಿಸಿ ಫ್ಲ್ಯಾಶ್ ಮೆಮೊರಿಯನ್ನು ನೇರವಾಗಿ ಬರೆಯಬಹುದು. ಈ ವಿಧಾನಕ್ಕೆ ಐಎಸ್‌ಪಿ ಎನ್ನುತ್ತಾರೆ. ಇಲ್ಲಿ ರೀಸೆಟ್ ಪಿನ್ನನ್ನು ಒತ್ತಿಹಿಡಿದು ಸಂಸ್ಕಾರಕವನ್ನು ನಿಲ್ಲಿಸಲಾಗುತ್ತದೆ. ಚಿಪ್ಪಿನ ಯಂತ್ರಾಂಶವೇ ಮಾಹಿತಿಯನ್ನು ಸ್ವೀಕರಿಸುವುದರಿಂದ ಒಳಗಿನ ಯಾವ ಪ್ರೋಗ್ರಾಮಿನ ನೆರವೂ ಬೇಡ.

ಪ್ರತ್ಯೇಕ ಉಪಕರಣ ಇಲ್ಲದವರು ಇನ್ನೊಂದು ಆರ್ಡುಯಿನೊ ಬೋರ್ಡನ್ನೇ ಪ್ರೋಗ್ರಾಮರ್ ಆಗಿ ಬಳಸಬಹುದು. ಇದಕ್ಕಾಗಿ 'ಆರ್ಡುಯಿನೊ ಐಎಸ್‌ಪಿ' ಎಂಬ ಸ್ಕೆಚ್ ಉದಾಹರಣೆಗಳ ಪಟ್ಟಿಯಲ್ಲಿಯೇ ಇದೆ. ಹಾಗೆ ಬಳಸುವಾಗ, ಪ್ರೋಗ್ರಾಮರ್ ಆಗಿರುವ ಬೋರ್ಡು ತಾನೇ ರೀಸೆಟ್ ಆಗದಂತೆ ಅದರ ರೀಸೆಟ್ ಮತ್ತು ಗ್ರೌಂಡ್ ಪಿನ್ನುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡುವುದು ರೂಢಿ. ಐಎಸ್‌ಪಿ ಮೂಲಕ ಸ್ಕೆಚ್ಚನ್ನು ನೇರವಾಗಿ ಬರೆದರೆ ಬೂಟ್‌ಲೋಡರ್ ಅಳಿಸಿಹೋಗುತ್ತದೆ. ಯುಎಸ್‌ಬಿ ಮೂಲಕ ಮತ್ತೆ ಕಳುಹಿಸಬೇಕಾದರೆ 'ಬರ್ನ್ ಬೂಟ್‌ಲೋಡರ್' ಎಂಬ ಆಯ್ಕೆಯಿಂದ ಅದನ್ನು ಪುನಃ ಸ್ಥಾಪಿಸಬೇಕು.

== ಎಚ್ಚರಿಕೆಗಳು ==

ವರ್ಗಾವಣೆ ಏಕಮುಖವಾದುದು. ಬೋರ್ಡಿಗೆ ಹೋಗುವುದು ಯಂತ್ರಭಾಷೆಯೇ ಹೊರತು ಬಳಕೆದಾರ ಬರೆದ ಸ್ಕೆಚ್ ಅಲ್ಲ. ಚರಾಂಶಗಳ ಹೆಸರು, ಟಿಪ್ಪಣಿಗಳು, ಸಾಲುಗಳ ವಿನ್ಯಾಸ ಯಾವುದೂ ಚಿಪ್ಪಿನಲ್ಲಿ ಉಳಿಯುವುದಿಲ್ಲ. ಫ್ಲ್ಯಾಶ್ ಮೆಮೊರಿಯಿಂದ ಬೈಟುಗಳನ್ನು ಮರಳಿ ಓದಬಹುದಾದರೂ ಅವುಗಳಿಂದ ಮೂಲ ಸ್ಕೆಚ್ಚನ್ನು ಪಡೆಯಲಾಗದು. ಗಣಕಯಂತ್ರದಲ್ಲಿನ ಕಡತ ಕಳೆದುಹೋದರೆ, ಬೋರ್ಡು ಸರಿಯಾಗಿ ಕೆಲಸ ಮಾಡುತ್ತಿದ್ದರೂ ಅದರಲ್ಲಿ ಒಂದು ಅಕ್ಷರವನ್ನು ತಿದ್ದಲು ಸಾಧ್ಯವಿಲ್ಲ. ವಸ್ತುಪ್ರದರ್ಶನಕ್ಕೆ ಮಾದರಿಗಳನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳು ಬೋರ್ಡನ್ನೇ ಉಳಿತಾಯದ ಜಾಗವೆಂದು ಭಾವಿಸಬಾರದು. ಸ್ಕೆಚ್ಚಿನ ಪ್ರತಿಯನ್ನು ಬೇರೊಂದೆಡೆ ಇಟ್ಟುಕೊಳ್ಳಬೇಕು.

ಹೊಸದನ್ನು ಕಳುಹಿಸಿದಾಗ ಹಳೆಯ ಪ್ರೋಗ್ರಾಂ ಬಳಕೆಗೆ ಸಿಗದಂತಾಗುತ್ತದೆ. ಬೋರ್ಡಿನಲ್ಲಿ ಏಕಕಾಲಕ್ಕೆ ಒಂದು ಪ್ರೋಗ್ರಾಮಿಗೆ ಮಾತ್ರ ಸ್ಥಳ. ವರ್ಗಾವಣೆಯ ನಡುವೆ ಕೇಬಲ್ ಕಿತ್ತರೆ ಅರೆಬರೆ ಪ್ರೋಗ್ರಾಂ ಉಳಿಯುತ್ತದೆ. ಬೂಟ್‌ಲೋಡರ್ ಸುರಕ್ಷಿತವಾಗಿರುವುದರಿಂದ ಮತ್ತೊಮ್ಮೆ ಅಪ್‌ಲೋಡ್ ಮಾಡಿದರೆ ಸರಿಹೋಗುತ್ತದೆ.

ರೀಸೆಟ್ ಆದ ಕ್ಷಣದಿಂದ ಪ್ರೋಗ್ರಾಂ ಆರಂಭವಾಗುವವರೆಗೆ ಚಿಪ್ಪಿನ ಪಿನ್ನುಗಳು ಬಳಕೆದಾರನ ನಿಯಂತ್ರಣದಲ್ಲಿರುವುದಿಲ್ಲ. ಮೋಟಾರು, ರಿಲೇ, ಹೀಟರುಗಳನ್ನು ಜೋಡಿಸಿದ್ದರೆ ಈ ಅವಧಿಯಲ್ಲಿ ಅವು ಅನಿರೀಕ್ಷಿತವಾಗಿ ಚಾಲನೆಗೊಳ್ಳಬಹುದು. ಸೀರಿಯಲ್ ಮಾನಿಟರನ್ನು ತೆರೆದಾಗಲೂ ಬೋರ್ಡು ರೀಸೆಟ್ ಆಗುತ್ತದೆಂಬುದನ್ನು ನೆನಪಿಡಬೇಕು. ಅಪ್‌ಲೋಡ್ ಮಾಡುವಾಗ ಅಂತಹ ಉಪಕರಣಗಳ ವಿದ್ಯುತ್ತನ್ನು ಕಡಿತಗೊಳಿಸುವುದು ಸುರಕ್ಷಿತ.

ಫ್ಲ್ಯಾಶ್ ಮೆಮೊರಿಯನ್ನು ಕನಿಷ್ಠ 10,000 ಬಾರಿ ಅಳಿಸಿ ಬರೆಯಬಹುದೆಂದು ಚಿಪ್ಪಿನ ತಯಾರಕರು ಸೂಚಿಸಿದ್ದಾರೆ. ದಿನಕ್ಕೆ ಹತ್ತು ಬಾರಿ ಬರೆದರೂ ಈ ಮಿತಿಯನ್ನು ಮುಟ್ಟಲು ಸುಮಾರು 2.7 ವರ್ಷಗಳು ಬೇಕು. ಆದ್ದರಿಂದ ಪದೇ ಪದೇ ಪ್ರಯೋಗ ಮಾಡಲು ಅಂಜಬೇಕಾಗಿಲ್ಲ.

== ಇತರ ಬೋರ್ಡುಗಳಲ್ಲಿ ==

ಆರ್ಡುಯಿನೊ ಲಿಯೊನಾರ್ಡೊ ಬೋರ್ಡಿನ ಎಟಿಮೆಗಾ32ಯು4 ಚಿಪ್ಪಿಗೆ ಯುಎಸ್‌ಬಿ ಭಾಷೆ ನೇರವಾಗಿ ತಿಳಿಯುವುದರಿಂದ ದುಭಾಷಿ ಚಿಪ್ ಇಲ್ಲ. ಗಣಕಯಂತ್ರ ಪೋರ್ಟನ್ನು 1,200 ಬಿಟ್‌ಗಳ ವೇಗದಲ್ಲಿ ತೆರೆದು ಮುಚ್ಚಿದಾಗ ಅದನ್ನು ಸಂಕೇತವೆಂದು ತಿಳಿದು ಬೋರ್ಡು ಬೂಟ್‌ಲೋಡರಿಗೆ ಮರಳುತ್ತದೆ.

ವೈಫೈ ಸೌಲಭ್ಯವಿರುವ ಇಎಸ್‌ಪಿ32 ಚಿಪ್ಪಿನಲ್ಲಿ ಮೊದಲ ಹಂತದ ಬೂಟ್‌ಲೋಡರ್ ಅಳಿಸಲಾಗದ ಮೆಮೊರಿಯಲ್ಲಿರುತ್ತದೆ. ರೀಸೆಟ್ ಆಗುವಾಗ 0 ಎಂಬ ಸಂಖ್ಯೆಯ ಪಿನ್ ಗ್ರೌಂಡಿಗೆ ಇಳಿದಿದ್ದರೆ ಅದು ಹೊಸ ಪ್ರೋಗ್ರಾಮಿಗಾಗಿ ಕಾಯುತ್ತದೆ. ಕೆಲವು ಬೋರ್ಡುಗಳಲ್ಲಿ 'ಬೂಟ್' ಗುಂಡಿಯನ್ನು ಒತ್ತಿಹಿಡಿಯಬೇಕಾಗುವುದು ಈ ಕಾರಣದಿಂದ. ವೈಫೈ ಮೂಲಕವೂ ಇದಕ್ಕೆ ಪ್ರೋಗ್ರಾಂ ಕಳುಹಿಸಬಹುದು.

ಬ್ರಿಟನ್ನಿನ ಶಾಲಾ ಮಕ್ಕಳಿಗಾಗಿ ಬಿಬಿಸಿ 2016ರಲ್ಲಿ ವಿತರಿಸಿದ ಮೈಕ್ರೋಬಿಟ್ ಮತ್ತು 2021ರಲ್ಲಿ ಬಂದ ರಾಸ್ಪ್‌ಬೆರ್ರಿ ಪೈ ಪಿಕೊ ಬೋರ್ಡುಗಳು ಗಣಕಯಂತ್ರಕ್ಕೆ ಪೆನ್‌ಡ್ರೈವಿನಂತೆ ಕಾಣಿಸಿಕೊಳ್ಳುತ್ತವೆ. ಸಿದ್ಧಪಡಿಸಿದ ಕಡತವನ್ನು ಎಳೆದು ಅವುಗಳ ಮೇಲೆ ಬಿಟ್ಟರೆ ಸಾಕು. ಪಿಕೊ ಬೋರ್ಡಿನಲ್ಲಿ ಇದಕ್ಕಾಗಿ 'ಬೂಟ್‌ಸೆಲ್' ಗುಂಡಿಯನ್ನು ಒತ್ತಿಹಿಡಿದು ಕೇಬಲ್ ಜೋಡಿಸಬೇಕು. ಇಲ್ಲಿಯೂ ಒಳಗೆ ನಡೆಯುವುದು ಫ್ಲ್ಯಾಶ್ ಮೆಮೊರಿಯನ್ನು ಅಳಿಸಿ ಬರೆಯುವ ಕೆಲಸವೇ. ಪೆನ್‌ಡ್ರೈವ್ ಎಂಬುದು ತೋರಿಕೆಯ ವೇಷ.

== ಶಿಕ್ಷಣದಲ್ಲಿ ==

ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ ಅಡಿಯಲ್ಲಿ 2016ರಿಂದ ಕರ್ನಾಟಕವೂ ಸೇರಿದಂತೆ ದೇಶದ ಶಾಲೆಗಳಲ್ಲಿ ಸ್ಥಾಪನೆಯಾಗುತ್ತಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿ 6ರಿಂದ 12ನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ಆರ್ಡುಯಿನೊ ಬೋರ್ಡುಗಳನ್ನು ಬಳಸುತ್ತಾರೆ. ತರಗತಿಯಲ್ಲಿ ಅನೇಕ ಗಣಕಯಂತ್ರಗಳ ನಡುವೆ ಬೋರ್ಡುಗಳು ಕೈ ಬದಲಾಯಿಸುವುದರಿಂದ ಪೋರ್ಟಿನ ಸಂಖ್ಯೆಯೂ ಬದಲಾಗುತ್ತಿರುತ್ತದೆ. ಮೊದಲ ಪಾಠದಲ್ಲಿ ಪ್ರೋಗ್ರಾಂ ಬರೆಯುವುದಕ್ಕಿಂತ ಮುಂಚೆ, ಸಿದ್ಧ ಸ್ಕೆಚ್ಚೊಂದನ್ನು ಕಳುಹಿಸಿ ಬೋರ್ಡು, ಕೇಬಲ್ ಮತ್ತು ಪೋರ್ಟು ಸರಿಯಿವೆಯೆಂದು ಪರೀಕ್ಷಿಸಿಕೊಳ್ಳುವ ಅಭ್ಯಾಸ ಉಪಯುಕ್ತ. ಆ ಬಳಿಕ ಎದುರಾಗುವ ದೋಷ ಪ್ರೋಗ್ರಾಮಿನದೇ ಎಂದು ನಿಶ್ಚಿಂತೆಯಿಂದ ಹುಡುಕಬಹುದು.

== ಇವನ್ನೂ ನೋಡಿ ==

* ಮೈಕ್ರೋಕಂಟ್ರೋಲರ್
* ಫ್ಲ್ಯಾಶ್ ಮೆಮೊರಿ
* ಕಂಪೈಲರ್
* ಯುಎಸ್‌ಬಿ
* ಷೋಡಶಮಾನ ಪದ್ಧತಿ
* ಮುಕ್ತ ತಂತ್ರಾಂಶ